ಕಡಲೆಕಾಳಿನಷ್ಟು ತೂತು

ಒಳ್ಳೆಯ ರಫು ಎಂದರೆ ಕಣ್ಣಿಗೆ ಕಾಣದ ರಫು. ಬಟ್ಟೆ ಹರಿದ ಕಡೆ, ಸುಟ್ಟ ಕಡೆ, ಇಲಿ ಕಡಿದ ಕಡೆ, ಅದೇ ಬಟ್ಟೆಯ ಒಳಮಡಿಕೆಯಿಂದ ನೂಲು ಹಿರಿದು, ಹಾಸಿನ ಎಳೆಗೆ ಹಾಸು, ಹೊಕ್ಕಿನ ಎಳೆಗೆ ಹೊಕ್ಕು ಸೇರಿಸಿ, ಬರೀ ಸೂಜಿಯಲ್ಲಿ ನೇಯ್ದು ಮುಚ್ಚುವ ಕೆಲಸ ಅದು. ಮುಚ್ಚಿದ ಮೇಲೆ ಆ ಜಾಗ ಎಲ್ಲಿತ್ತೆಂದು ಬಟ್ಟೆಯ ಯಜಮಾನ ತಡಕಾಡಬೇಕು. ಇಂಥ ಕೆಲಸವನ್ನು ಹತ್ತೊಂಬತ್ತು ವರ್ಷ ಮಾಡಿದವಳು ಸೂಜಕ್ಕ. ಅವಳು ಸಾಲಕ್ಕೆ ಹಾಕಿದ ಅರ್ಜಿಗೆ ಬ್ಯಾಂಕಿನವರು ಕೊಟ್ಟ ಉತ್ತರದಲ್ಲಿ ಹೀಗಿತ್ತು: "ಸ್ಥಳ ಪರಿಶೀಲನೆಯ ವೇಳೆ ಅರ್ಜಿದಾರರು ಮಾಡಿದ ಯಾವುದೇ ಕೆಲಸ ಕಂಡುಬಂದಿಲ್ಲ." ಹೊಗಳಿಕೆ ಎಂದು ಓದಿಕೊಂಡರೆ ರಫು ಮಾಡುವವಳಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಬೇರೆ ಇಲ್ಲ. ಆದರೆ ಅದರ ಕೆಳಗಿನ ಸಾಲಿನಲ್ಲಿ "ಆದ್ದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ" ಎಂದು ಬರೆದು ಮೊಹರು ಒತ್ತಿದ್ದರು.

ಸೂಜಕ್ಕ ಎನ್ನುವುದು ಅವಳ ಹೆಸರಲ್ಲ. ಹೆಸರು ಕೇಳಿದವರು ಕಡಿಮೆ, ಕರೆದವರು ಇನ್ನೂ ಕಡಿಮೆ. ಗಂಡನ ಅಣ್ಣನಿಗೆ, ಅಂದರೆ ಅವಳ ಭಾವನಿಗೆ, ಪೇಟೆಯಲ್ಲಿ ದೊಡ್ಡ ಲಾಂಡ್ರಿ ಇತ್ತು. ಮುಂದೆ ಗಾಜಿನ ಬಾಗಿಲು, ಹೊಳೆಯುವ ಕೌಂಟರು, ಸಾಲಾಗಿ ತೂಗುವ ಕೋಟುಗಳು. ಹಿಂದೆ, ಒಗೆಯುವ ಯಂತ್ರಗಳನ್ನು ದಾಟಿ ಹೋದರೆ, ಸೋಡಾಪುಡಿಯ ಮೂಟೆಗಳ ಪಕ್ಕ ಒಂದು ಕೋಣೆ. ಅದಕ್ಕೆ ಕಿಟಕಿ ಇರಲಿಲ್ಲ. ಒಂದು ಟ್ಯೂಬ್‌ಲೈಟು, ಒಂದು ಮಣೆ, ಒಂದು ಸ್ಟೂಲು. ಮದುವೆಯಾಗಿ ಬಂದ ಮೂರನೆಯ ತಿಂಗಳಿಗೆ ಅಲ್ಲಿ ಕೂತವಳು ಇನ್ನೂ ಎದ್ದಿರಲಿಲ್ಲ. ಸಂಬಳ? ಮನೆಯವರಿಗೆ ಯಾರು ಸಂಬಳ ಕೊಡುತ್ತಾರೆ! ಗಂಡನಿಗೆ ಅದೇ ಲಾಂಡ್ರಿಯ ಗಾಡಿ ಓಡಿಸುವ ಕೆಲಸ, ಅದಕ್ಕೊಂದಿಷ್ಟು ಸಂಬಳ. ಅವಳದು ಅದರೊಳಗೇ ಬಂತು ಎಂದು ಭಾವನ ಲೆಕ್ಕ.

ಆ ಕೋಣೆಗೆ ಬರುತ್ತಿದ್ದ ಬಟ್ಟೆಗಳಲ್ಲಿ ಅರ್ಧ ಗಿರಾಕಿಗಳು ಹರಿದು ತಂದದ್ದು. ಇನ್ನರ್ಧ ಲಾಂಡ್ರಿಯಲ್ಲೇ ಕೆಟ್ಟದ್ದು. ಯಂತ್ರಕ್ಕೆ ಸಿಕ್ಕ ತೋಳು, ಇಸ್ತ್ರಿಗೆ ಸುಟ್ಟ ಅಂಚು, ಕೊಕ್ಕೆಗೆ ಸಿಕ್ಕಿ ಸೀಳಿದ ಬೆನ್ನು. "ಗಿರಾಕಿಗೆ ಗೊತ್ತಾಗ್ಬಾರ್ದು" ಎನ್ನುವುದೇ ಭಾವನ ಏಕಮಾತ್ರ ನಿಯಮ. ಗೊತ್ತಾಗುತ್ತಿರಲಿಲ್ಲ. "ಈ ಲಾಂಡ್ರಿಗೆ ಕೊಟ್ಟ ಬಟ್ಟೆ ಒಂದು ದಿನವೂ ಹಾಳಾಗಿಲ್ಲ" ಎಂದು ಊರೆಲ್ಲ ಹೇಳುತ್ತಿತ್ತು, ಭಾವ ಮೀಸೆ ತಿರುವುತ್ತಿದ್ದ. ಎಲೆಮರೆಯ ಕಾಯಿ ಎಂದು ಇಂಥವರನ್ನು ಹೊಗಳುವುದುಂಟು. ಎಲೆಯ ಮರೆಗೆ ಕಾಯಿ ತಾನಾಗಿ ಹೋಗಿತ್ತೋ, ಯಾರಾದರೂ ತಳ್ಳಿದ್ದರೋ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಅರ್ಜಿಯ ಕಥೆ ಶುರುವಾದದ್ದು ಒಂದು ಪ್ಯಾಂಟಿನ ಜೇಬಿನಿಂದ. ಜೇಬಿನಲ್ಲಿ ಸಿಕ್ಕಿದ್ದನ್ನು ಲಕೋಟೆಗೆ ಹಾಕಿ ಬಟ್ಟೆಯ ಜೊತೆ ಹಿಂದಿರುಗಿಸುವುದು ಲಾಂಡ್ರಿಯ ಕ್ರಮ. ಸೂಜಕ್ಕನ ಕೈಗೆ ಸಿಕ್ಕಿದ್ದು ನಾಲ್ಕು ಮಡಿಕೆಯ ಒಂದು ಸುತ್ತೋಲೆ. ಓದಿದಳು. ಚಿಕ್ಕ ಉದ್ಯೋಗ ಶುರು ಮಾಡುವವರಿಗೆ ಬ್ಯಾಂಕು ಸಾಲ ಕೊಡಬೇಕು. ಅವರಿಗೆ ತೀರಿಸಲು ಆಗದೇ ಹೋದರೆ ಬ್ಯಾಂಕಿನ ನಷ್ಟದ ಬಹುಪಾಲನ್ನು ಸರ್ಕಾರ ತುಂಬಿಕೊಡುತ್ತದೆ. ಸರ್ಕಾರವೇ ಖಾತರಿ ನಿಂತಿರುವುದರಿಂದ ಮನೆಪತ್ರ ಕೇಳಬಾರದು, ಮೂರನೆಯವರ ಜಾಮೀನು ಕೇಳಬಾರದು. ಮತ್ತೊಮ್ಮೆ ಓದಿದಳು. ಆಮೇಲೆ ಇಸ್ತ್ರಿ ಚೀಟಿಗಳ ಹಿಂಬದಿಯಲ್ಲಿ ಅಕ್ಷರ ಬಿಡದೆ ನಕಲು ಮಾಡಿಕೊಂಡು, ಸುತ್ತೋಲೆಯನ್ನು ಲಕೋಟೆಗೆ ಹಾಕಿ ಕಳಿಸಿದಳು. ಪರರ ವಸ್ತು ಪರರಿಗೇ ಸೇರಬೇಕಲ್ಲ.

ಅವಳಿಗೆ ಬೇಕಾಗಿದ್ದು ಅರಮನೆಯಲ್ಲ. ಬಸ್ ನಿಲ್ದಾಣದ ಎದುರಿನ ಓಣಿಯಲ್ಲಿ ಒಂದು ಸಣ್ಣ ಮಳಿಗೆ ಖಾಲಿ ಬಿದ್ದಿತ್ತು. ಒಂದು ಬಾಗಿಲು, ರಸ್ತೆಗೆ ತೆರೆದ ದೊಡ್ಡ ಕಿಟಕಿ. ಬೆಳಗಿನಿಂದ ಸಂಜೆಯವರೆಗೆ ತಂಪಾದ ಬೆಳಕು ಬೀಳುವ ಕಿಟಕಿ. ಕಪ್ಪು ಬಟ್ಟೆಯ ಮೇಲೆ ಕಪ್ಪು ನೂಲು ಹಿಡಿದವರಿಗೆ ಮಾತ್ರ ಅಂಥ ಬೆಳಕಿನ ಬೆಲೆ ಗೊತ್ತು. ಆ ಕಿಟಕಿಯ ಹಿಂದೆ ಒಂದು ಮೇಜು, ಒಂದು ಹೊಲಿಗೆ ಯಂತ್ರ, ಭೂತಕನ್ನಡಿ ಜೋಡಿಸಿದ ಒಂದು ದೀಪ, ಮೇಲೆ ತನ್ನ ಹೆಸರಿನ ಬೋರ್ಡು. ಅಷ್ಟೇ.

ಬ್ಯಾಂಕಿನ ಗೇಟಿನ ಬಳಿ ಮೇಜು ಹಾಕಿಕೊಂಡು ಅರ್ಜಿ ತುಂಬಿಕೊಡುವವನೊಬ್ಬ ಇದ್ದ. ಅವನು ಪೆನ್ನು ತೆಗೆದು ಕೇಳಿದ:

"ಜಾಮೀನು ಯಾರು?"

"ಸರ್ಕಾರ."

"ಸರ್ಕಾರ ಏನು ನಿಮ್ಮ ಮಾವನಾ?"

"ಮಾವ ಆಗಿದ್ರೆ ಜಾಮೀನು ನಿಲ್ತಿರ್ಲಿಲ್ಲ. ಬರೀರಿ."

ಅವನು ನಕ್ಕು ಬರೆದ. ಅರ್ಜಿಯ ಮುಂದಿನ ಅಂಕಣಕ್ಕೆ ಬಂದಾಗ ಪೆನ್ನು ನಿಂತಿತು. ಅನುಭವದ ಪತ್ರ ಬೇಕಂತೆ, ಎಲ್ಲಿ ಕೆಲಸ ಮಾಡಿದ್ದಳೋ ಅಲ್ಲಿನ ಯಜಮಾನರಿಂದ. ಅವತ್ತು ಊಟದ ಹೊತ್ತಿಗೆ ಸೂಜಕ್ಕ ಭಾವನನ್ನು ಕೇಳಿದಳು. ಭಾವನಿಗೆ ನಗು ತಡೆಯಲಾಗಲಿಲ್ಲ.

"ಮನೆಯವರಿಗೆ ಯಾರಾದ್ರೂ ಅನುಭವದ ಪತ್ರ ಕೊಡ್ತಾರೇನಮ್ಮಾ? ಹಾಗಾದ್ರೆ ಇಪ್ಪತ್ತೈದು ವರ್ಷ ಅಡುಗೆ ಮಾಡಿದ್ದಕ್ಕೆ ನಿಮ್ಮಕ್ಕನಿಗೂ ಒಂದು ಪತ್ರ ಕೊಡ್ಲಾ?"

"ಕೊಡಿ, ಬೇಡ ಅಂದೋರ್ಯಾರು?" ಎಂದು ಒಳಗಿನಿಂದ ಓರಗಿತ್ತಿಯ ದನಿ ಬಂತು. ಭಾವನ ನಗು ಅಲ್ಲಿಗೆ ನಿಂತಿತು, ಪತ್ರ ಮಾತ್ರ ಬರಲಿಲ್ಲ.

ಪತ್ರವಿಲ್ಲದೆಯೇ ಅರ್ಜಿ ಹೋಯಿತು. ಬ್ಯಾಂಕಿನಿಂದ ಪರಿಶೀಲನೆಗೆ ಬಂದವರು ದಪ್ಪ ಕನ್ನಡಕದ ಒಬ್ಬ ಅಧಿಕಾರಿ. ಮಳಿಗೆಯ ಯಜಮಾನನಿಂದ ಒಂದು ದಿನಕ್ಕೆ ಬೀಗದ ಕೈ ಕೇಳಿ ಪಡೆದು, ಸೂಜಕ್ಕ ಅಲ್ಲಿ ಎಂಟು ಬಟ್ಟೆ ತೂಗುಹಾಕಿದ್ದಳು. ಗಂಡನ ಸ್ವೆಟರು, ನೆರೆಮನೆಯವರ ಶಾಲು, ಓರಗಿತ್ತಿ ಗುಟ್ಟಾಗಿ ಕೊಟ್ಟ ರೇಷ್ಮೆಯ ವಸ್ತ್ರ, ಹೀಗೆ. ಎಲ್ಲವೂ ಹಿಂದೊಮ್ಮೆ ಹರಿದು ಅವಳ ಕೈಯಲ್ಲಿ ಮತ್ತೆ ಇಡಿಯಾದವು. ಅಧಿಕಾರಿ ಒಂದೊಂದನ್ನೇ ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದರಲ್ಲಿ ಕೆಲಸ ಎಲ್ಲಿದೆ?"

"ಇದೇ ತೋಳಲ್ಲಿದೆ ಸಾರ್."

"ಎಲ್ಲಿ?"

"ಇಲ್ಲಿ, ನನ್ನ ಬೆರಳಿರೋ ಕಡೆ."

"ಬೆರಳು ಕಾಣುತ್ತೆ. ಕೆಲಸ ಕಾಣಲ್ಲ." ಕನ್ನಡಕ ಏರಿಸಿಕೊಂಡರು. "ಚೆನ್ನಾಗಿರೋ ಬಟ್ಟೆ ತಂದು ನೇತುಹಾಕಿದ್ರೆ ಉದ್ಯೋಗ ಆಗಲ್ಲಮ್ಮ. ಮೊದಲು ಹೇಗಿತ್ತು ಅನ್ನೋದಕ್ಕೆ ಫೋಟೋ ಇದ್ಯಾ?"

ಫೋಟೋ! ಒಂದು ತೂತಿನ ಸುದ್ದಿ ಹೊರಗೆ ಹೋದರೆ ಮನೆ ಮುಳುಗಿತು ಎನ್ನುವ ಕೋಣೆಯಲ್ಲಿ ಕೂತವಳ ಹತ್ತಿರ ತೂತುಗಳ ಫೋಟೋ ಎಲ್ಲಿಂದ ಬರಬೇಕು? ಅಧಿಕಾರಿ ಕೆಟ್ಟವರೇನಲ್ಲ, ಕಂಡದ್ದನ್ನು ಬರೆದರು. ಕಾಣದ್ದನ್ನು ಕಾಣಲಿಲ್ಲ ಎಂದು ಬರೆದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿಗೆ ಕಣ್ಣೇ ಸಾಲದೇ ಹೋಯಿತು.

ತಿರಸ್ಕಾರದ ಕಾಗದ ಹಿಡಿದು ಬಂದವಳಿಗೆ ಗೇಟಿನ ಬಳಿಯ ಅರ್ಜಿಯವನು ಒಂದು ಉಪಾಯ ಹೇಳಿದ. "ಅದಕ್ಕೇನಂತೆ ಅಕ್ಕಾ, ಇನ್ನೊಂದ್ಸಲ ಅರ್ಜಿ ಹಾಕೋಣ. ಈ ಸಲ ನಾಲ್ಕು ಬಟ್ಟೆಗೆ ಸ್ವಲ್ಪ ಎದ್ದು ಕಾಣೋ ಹಾಗೆ ಹೊಲಿದಿಡಿ. ದೂರದಿಂದ್ಲೇ ಗೊತ್ತಾಗ್ಬೇಕು, ಹಾ, ಇಲ್ಲಿ ರಫು ಆಗಿದೆ ಅಂತ."

ಗಂಡನೂ ಅದನ್ನೇ ಹೇಳಿದ. "ನಾಲ್ಕೇ ನಾಲ್ಕು ಬಟ್ಟೆ ಕಣೇ. ಕಣ್ಣು ಮುಚ್ಚಿ ಹೊಲಿದುಬಿಡು."

ಸೂಜಕ್ಕ ಮಧ್ಯಾಹ್ನ ಒಂದು ಹಳೆಯ ಅಂಗಿ ತೆಗೆದುಕೊಂಡು ಕೂತಳು. ಬೂದು ಅಂಗಿಗೆ ಬೇಕೆಂತಲೇ ನೀಲಿ ನೂಲು ಪೋಣಿಸಿದಳು. ಒಂದು ಎಳೆ ಹಾಕಿದಳು, ಎರಡು ಎಳೆ ಹಾಕಿದಳು. ಮೂರನೆಯದಕ್ಕೆ ಮೈಯೆಲ್ಲ ಉರಿದುಹೋಯಿತು. ಕೆಲಸ ಬಾರದವರು ಹೀಗೆ ಹೊಲಿದರೆ ಪಾಪ ಎನ್ನಬಹುದು. ಬರುವವಳು, ಬಾರದವಳ ಹಾಗೆ ನಟಿಸಿ, ಅದನ್ನು ತೋರಿಸಿ ಕೆಲಸ ಬರುತ್ತದೆ ಎಂದು ಸಾಬೀತು ಮಾಡಬೇಕಂತೆ! ನೀಲಿ ನೂಲನ್ನು ಕಿತ್ತು ಬಿಸಾಡಿದಳು.

"ಏನಾಯ್ತು?" ಎಂದ ಗಂಡ.

"ನಾನು ಕೆಟ್ಟದಾಗಿ ಹೊಲಿಯಲ್ಲ. ಸಾಲ ಸಿಗ್ದಿದ್ರೆ ಸಿಗ್ದೇ ಹೋಗ್ಲಿ."

ಸಾಲ ಸಿಗುವ ಇನ್ನೊಂದು ದಾರಿಯನ್ನು ಭಾವ ತಾನಾಗಿ ಹುಡುಕಿಕೊಂಡು ಬಂದ. ಅರ್ಜಿ ಬಿದ್ದುಹೋದ ಸುದ್ದಿ ಅವನಿಗೆ ಹೇಗೋ ಮುಟ್ಟಿತ್ತು. ಬೈಯಲಿಲ್ಲ, ಅದೇ ಅನುಮಾನಕ್ಕೆ ಕಾರಣ. ಹಿಂದಿನ ಕೋಣೆಗೆ ಬಂದವನು ಮೂಟೆಯ ಮೇಲೆ ಕೂತು, ದನಿಯಲ್ಲಿ ಬೆಣ್ಣೆ ಹಚ್ಚಿಕೊಂಡು ಮಾತಾಡಿದ.

"ಮ್ಯಾನೇಜರು ನನಗೆ ಬೇಕಾದವರು. ಬ್ಯಾಂಕಿನ ಪರದೆ, ಮೇಜುಬಟ್ಟೆ ಎಲ್ಲ ನಮ್ಮಲ್ಲೇ ಒಗೆಯೋದು. ನಾನು ಒಂದು ಮಾತು ಹೇಳಿದ್ರೆ ಆ ಮಳಿಗೆ ನಮ್ದೇ. ನಮ್ಮ ಲಾಂಡ್ರಿದೇ ಒಂದು ಶಾಖೆ ಅನ್ಕೋ. ಸಾಲ ನನ್ನ ಹೆಸರಲ್ಲಿ, ಬೋರ್ಡು ನಮ್ಮ ಲಾಂಡ್ರಿದು. ನೀನು ಕಿಟಕಿ ಹತ್ರ ಕೂತ್ಕೊಂಡು ಆರಾಮಾಗಿ ಕೆಲಸ ಮಾಡು. ನಿನಗೆ ಬೇಕಿದ್ದಿದ್ದು ಕಿಟಕಿ ತಾನೇ?"

ಕಿಟಕಿಯ ಆಸೆ ಅವನಿಗೆ ಗೊತ್ತಿತ್ತು. ಹತ್ತೊಂಬತ್ತು ವರ್ಷ ಗೊತ್ತಿದ್ದೂ ಒಂದು ಕಿಟಕಿ ಹೊಡೆಸಿಕೊಟ್ಟಿರಲಿಲ್ಲ.

"ನನ್ನ ಹೆಸರು ಎಲ್ಲಿರುತ್ತೆ ಭಾವ?"

"ನಿನ್ನ ಹೆಸರು? ಸಾಕ್ಷಿ ಅಂತ ಒಂದು ಸಹಿ ಹಾಕ್ತೀಯಲ್ಲ." ಎದ್ದು ಹೊರಟವನು ಬಾಗಿಲಲ್ಲಿ ನಿಂತ. "ಯೋಚನೆ ಮಾಡು. ನಿನ್ನ ಗಂಡನ ಗಾಡಿಯೂ ನನ್ನದೇ ಅನ್ನೋದು ನೆನಪಿರಲಿ. ನಾಡಿದ್ದು ಹನ್ನೊಂದು ಗಂಟೆಗೆ ಬ್ಯಾಂಕಿಗೆ ಹೋಗೋಣ."

"ಬರ್ತೀನಿ" ಎಂದಳು ಸೂಜಕ್ಕ. ಬರುತ್ತೇನೆ ಎಂದರೆ ಒಪ್ಪಿದೆ ಎಂದು ಭಾವ ತಿಳಿದುಕೊಂಡ. ಅವಳ ಬಾಯಿಂದ ಅದುವರೆಗೆ ಇಲ್ಲ ಎನ್ನುವ ಮಾತು ಬಂದಿರಲೇ ಇಲ್ಲವಲ್ಲ, ಅದು ಹೇಗೆ ಕೇಳಿಸುತ್ತದೆ ಎನ್ನುವ ಅಂದಾಜು ಅವನಿಗಿರಲಿಲ್ಲ.

ಹೋಗುವ ದಿನ ಗಂಡ ಗಾಡಿಯಲ್ಲಿ ಇಬ್ಬರನ್ನೂ ಕರೆದುಕೊಂಡು ಹೋದ. ಇಳಿಯುವಾಗ ಅವಳ ಕಿವಿಯ ಹತ್ತಿರ ಬಂದು, "ಒಳಗೆ ನೀನೇನು ಮಾಡಿದ್ರೂ ಸರಿ, ನನ್ನನ್ನ ಮಾತ್ರ ಕರೀಬೇಡ" ಎಂದ. ಧೈರ್ಯವಂತ ಗಂಡ ಎಂದು ಹೇಳಲಾಗದು. ಆದರೂ ಏನು ಮಾಡಿದರೂ ಸರಿ ಎಂದನಲ್ಲ, ಅವನ ಮಟ್ಟಿಗೆ ಅದು ಬೆಟ್ಟ ಎತ್ತಿದ ಹಾಗೆ.

ಮ್ಯಾನೇಜರ ಕೋಣೆಗೆ ಗಾಜಿನ ಗೋಡೆ. ಏಸಿ ಗುಂಯ್ ಎನ್ನುತ್ತಿತ್ತು. ಮೇಜಿನ ಮೇಲೆ ಕಡತಗಳ ರಾಶಿ, ಒಂದು ಕರೆಗಂಟೆ, ಅರ್ಧ ಕುಡಿದ ನೀರಿನ ಲೋಟ. ಮೂಲೆಯಲ್ಲಿ ಕನ್ನಡಕದ ಅಧಿಕಾರಿ ಒಂದು ಕಡತ ಹಿಡಿದು ನಿಂತಿದ್ದರು. ಭಾವ ಕುರ್ಚಿ ಎಳೆದುಕೊಂಡು ಕೂತ, ಅವಳಿಗೆ ಕೂರು ಎನ್ನಲಿಲ್ಲ. ಅವಳೇ ಕೂತಳು.

ಮ್ಯಾನೇಜರು ನಗುತ್ತಾ ಮೂರು ಕಾಗದ ಮುಂದೆ ತಳ್ಳಿದರು. "ನಿಮ್ಮ ಭಾವ ಎಲ್ಲ ಹೇಳಿದ್ದಾರೆ. ಇಲ್ಲಿ ಸಾಕ್ಷಿ ಅಂತ ಇದೆಯಲ್ಲ, ಅಲ್ಲಿ ಹಾಕಿ."

"ನಾನು ಹಾಕಿದ್ದ ಅರ್ಜಿ ಎಲ್ಲಿದೆ ಸಾರ್?"

"ಅದು ಮುಗೀತಲ್ಲಮ್ಮ. ಕೆಲಸ ಇಲ್ಲ, ಅನುಭವ ಇಲ್ಲ, ಜಾಮೀನಿಲ್ಲ."

"ಜಾಮೀನು ಕೇಳ್ಬಾರ್ದು ಅಂತ ನಿಮ್ಮ ಸುತ್ತೋಲೆಲೇ ಇದೆ. ಸರ್ಕಾರದ ಖಾತರಿ ಇರೋ ಸಾಲಕ್ಕೆ ಮೂರನೆಯವರ ಸಹಿ ಬೇಡ. ಆರನೇ ಅಂಶ." ಇಸ್ತ್ರಿ ಚೀಟಿಗಳನ್ನು ಮೇಜಿನ ಮೇಲಿಟ್ಟಳು.

ಮ್ಯಾನೇಜರು ಭಾವನ ಮುಖ ನೋಡಿದರು. ಭಾವ ಅವಳ ಮುಖ ನೋಡಿದ. "ಸುತ್ತೋಲೆ ಸಾವಿರ ಹೇಳುತ್ತೆ" ಎಂದರು ಮ್ಯಾನೇಜರು. "ಸರ್ಕಾರ ದುಡ್ಡು ಕಟ್ಟಿಕೊಡುತ್ತೆ ಅಂತ ಸಿಕ್ಕಿದವರಿಗೆಲ್ಲ ಹಂಚೋಕಾಗುತ್ತಾ?"

"ಸರ್ಕಾರ ಕಟ್ಟೋದು ಬೇಡ, ನಾನೇ ಕಟ್ತೀನಿ. ಅದು ಹಿಂದೆ ನಿಂತಿದ್ರೆ ಸಾಕು."

"ಕೆಲಸ ಬರಬೇಕಲ್ಲಮ್ಮ ಕಟ್ಟೋದಕ್ಕೆ!"

ಭಾವ ನಡುವೆ ಬಾಯಿ ಹಾಕಿದ. "ಪಾಪ, ಮನೇಲಿ ಗುಂಡಿ ಗಿಂಡಿ ಹಚ್ಚಿಕೊಡ್ತಾಳೆ ಸಾರ್. ಯಾರೋ ತಲೆಗೆ ತುಂಬಿದ್ದಾರೆ. ನೀವು ಬೇಜಾರು ಮಾಡ್ಕೋಬೇಡಿ."

ಗುಂಡಿ ಗಿಂಡಿ! ಸೂಜಕ್ಕನಿಗೆ ಆ ಕ್ಷಣ ಬಂದ ಸಿಟ್ಟು ಅಂತಿಂಥದ್ದಲ್ಲ. ಹತ್ತೊಂಬತ್ತು ವರ್ಷದ್ದು ಒಟ್ಟಿಗೆ ಬಂತು. ಕಣ್ಣು ಎತ್ತಿದಳು. ಎತ್ತಿದ ಕಣ್ಣಿಗೆ ಎದುರಿಗೆ ಬಿದ್ದದ್ದು ಮ್ಯಾನೇಜರ ಕೋಟು.

ಸೂಜಕ್ಕ ಮುಖ ಮರೆಯುತ್ತಾಳೆ, ಬಟ್ಟೆ ಮರೆಯುವುದಿಲ್ಲ. ಬೂದು ಉಣ್ಣೆ, ಮೀನಿನ ಮುಳ್ಳಿನ ಹಾಗೆ ಓರೆಯಾಗಿ ಹೋಗಿ ತಿರುಗುವ ನೇಯ್ಗೆ, ಒಂದು ಎಳೆ ತಪ್ಪಿದರೆ ಇಡೀ ಸಾಲು ಸೊಟ್ಟಗಾಗುವಂಥದ್ದು. ಎರಡು ವರ್ಷದ ಹಿಂದೆ ಅದು ಅವಳ ಮಣೆಯ ಮೇಲೆ ಎರಡು ದಿನ ಇತ್ತು. ಎಡಗಡೆ, ಎದೆಯ ಮೇಲೆ, ಮೊದಲ ಗುಂಡಿಯಿಂದ ಮೂರು ಬೆರಳು ಮೇಲೆ, ಕಡಲೆಕಾಳಿನಷ್ಟು ಸುಟ್ಟ ತೂತು. ಭಾವ ತಲೆಯ ಮೇಲೆ ನಿಂತು "ದೊಡ್ಡವರ ಕೋಟು, ಬೇಗ, ಬೇಗ" ಎಂದು ಜಪ ಮಾಡುತ್ತಿದ್ದ. ಯಾರ ಕೋಟು ಎಂದು ಹೇಳಿರಲಿಲ್ಲ, ಅವಳು ಕೇಳಿರಲಿಲ್ಲ. ಅದು ಅವಳ ಕೈಯ ಅತಿ ಒಳ್ಳೆಯ ಕೆಲಸ.

ಹೇಳಿದರೆ ಭಾವನ ಲಾಂಡ್ರಿಯ ಕೈಯಿಂದ ಬ್ಯಾಂಕಿನ ಪರದೆ ಹೋಗುತ್ತದೆ. ಭಾವ ಸಿಟ್ಟಾದರೆ ಗಂಡನ ಗಾಡಿ ಹೋಗುತ್ತದೆ. ಹೇಳದಿದ್ದರೆ ತಾನೇ ಹೋದಂತೆ, ಸೀದಾ ಹಿಂದಿನ ಕೋಣೆಗೆ, ಅಲ್ಲಿಂದ ಮಣ್ಣಿಗೆ. ಅವಳ ಯೋಚನೆಗೆ ಹಿಡಿದದ್ದು ಇಷ್ಟೇ ಹೊತ್ತು.

"ಸಾರ್, ನನ್ನ ಕೆಲಸ ನೀವು ಹಾಕ್ಕೊಂಡಿದ್ದೀರ."

"ಏನಂದ್ರಿ?"

"ನಿಮ್ಮ ಕೋಟಿನ ಎದೆ ಮೇಲೆ ಒಂದು ತೂತಿದೆ. ಎರಡು ವರ್ಷದ ಹಿಂದೆ ನಾನು ಮುಚ್ಚಿದ್ದು."

ಭಾವನಿಗೆ ಕೆಮ್ಮು ಹತ್ತಿತು. ಮ್ಯಾನೇಜರು ಮೊದಲು ಎದೆ ನೋಡಿಕೊಂಡರು, ಆಮೇಲೆ ಕೋಟು ಬಿಚ್ಚಿ ಮೇಜಿನ ಮೇಲೆ ಹಾಸಿದರು. ಅವಳು ಬೆರಳಿಟ್ಟ ಜಾಗವನ್ನು ಬಗ್ಗಿ ನೋಡಿದರು. ದೀಪದ ಕಡೆ ಹಿಡಿದು ನೋಡಿದರು. ಕನ್ನಡಕದ ಅಧಿಕಾರಿಯನ್ನು ಕರೆದರು. ಅವರು ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ನೋಡಿದರು, ಉಗುರಿನಿಂದ ಸವರಿ ನೋಡಿದರು. "ಏನೂ ಇಲ್ಲ ಸಾರ್" ಎಂದರು, ಅದೇ ಹಳೆಯ ದನಿಯಲ್ಲಿ.

ಮ್ಯಾನೇಜರಿಗೆ ಈಗ ಸಿಟ್ಟು ಬಂತು. "ಸುಳ್ಳಿಗೂ ಒಂದು ಮಿತಿ ಬೇಕಮ್ಮ. ಇದು ನಾನು ಆಸೆಪಟ್ಟು ಹೊಲಿಸಿದ ಕೋಟು. ಇದರಲ್ಲಿ ತೂತಿದ್ರೆ ನನಗೆ ಗೊತ್ತಾಗ್ತಿರ್ಲಿಲ್ವಾ?"

"ಗೊತ್ತಾಗ್ಬಾರ್ದು ಅಂತಾನೇ ಎರಡು ದಿನ ಕಣ್ಣು ಸವೆಸಿದ್ದು."

"ಹಾಗಾದ್ರೆ ಬಿಚ್ಚಿ ತೋರ್ಸಿ!" ಎಂದರು ಮ್ಯಾನೇಜರು ಮೇಜು ತಟ್ಟಿ. "ತೂತು ಇಲ್ದಿದ್ರೆ ಬಾಯಿ ಮುಚ್ಕೊಂಡು ನಿಮ್ಮ ಭಾವ ತೋರಿಸಿದ ಕಡೆ ಸಹಿ ಹಾಕ್ಬೇಕು."

"ಇದ್ರೆ?"

"ಇದ್ರೆ ನಿಮ್ಮ ಅರ್ಜಿ ನಾನೇ ಮತ್ತೆ ತೆಗೀತೀನಿ."

"ಸರ್ಕಾರದ ಖಾತರಿ ಮೇಲೆ. ಬೇರೆ ಯಾರ ಸಹಿನೂ ಇಲ್ದೆ."

"ಆಯ್ತು, ಆಯ್ತು!"

"ನೀವು ಕೇಳಿಸ್ಕೊಂಡ್ರಲ್ಲ ಸಾರ್?" ಎಂದಳು ಕನ್ನಡಕದವರಿಗೆ. ಅವರು ಗಾಬರಿಯಲ್ಲಿ ತಲೆ ಆಡಿಸಿದರು.

"ಬೇಡಮ್ಮ, ಸುಮ್ನಿರು, ಮನೆಗೆ ಹೋಗೋಣ" ಎಂದ ಭಾವ. ಅವನ ದನಿಯಲ್ಲಿ ಬೆಣ್ಣೆಯೂ ಇರಲಿಲ್ಲ, ಗತ್ತೂ ಇರಲಿಲ್ಲ.

ತೋಳಿನ ಅಂಚಿಗೆ ಸದಾ ಚುಚ್ಚಿಕೊಂಡಿರುತ್ತಿದ್ದ ಸೂಜಿಯನ್ನು ಸೂಜಕ್ಕ ತೆಗೆದಳು. ಕೋಟಿನ ಮೇಲೆ ಬಗ್ಗಿದಾಗ ಕೈ ಒಂದು ಗಳಿಗೆ ನಿಂತಿತು. ತನ್ನ ಕೈಯ ಕೆಲಸವನ್ನು ತಾನೇ ಕೆಡಿಸುವುದು ಸುಮ್ಮನೆ ಮಾತಲ್ಲ. ಆ ಎಳೆಗಳನ್ನು ಹುಡುಕಲು ಕೋಟಿನ ಒಳಅಂಚನ್ನೆಲ್ಲ ಜಾಲಾಡಿದ್ದಳು. ಕತ್ತು ನೋಯುತ್ತಿದ್ದರೂ ಒಂದು ತಿರುವೂ ತಪ್ಪಿಸಿರಲಿಲ್ಲ. ಇಷ್ಟು ಚೆನ್ನಾಗಿ ಮಾಡಿದ್ದೇ ತಪ್ಪೇ? ಕಣ್ಣಲ್ಲಿ ನೀರು ಬಂತು. ಆ ನೀರನ್ನು ಯಾರಿಗೂ ತೋರಿಸದೆ ಸೂಜಿಯ ಮೊನೆಯನ್ನು ನೇಯ್ಗೆಯೊಳಗೆ ಇಳಿಸಿದಳು.

ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮೊದಲ ಎಳೆ ಬಂತು. ಮೂರು ಜನ ಬಗ್ಗಿ ನೋಡುತ್ತಿದ್ದರು. ಎರಡನೆಯ ಎಳೆ ಬಂತು. ಹತ್ತು ಬಂದವು, ಹದಿನೈದು ಬಂದವು. ನೇಯ್ಗೆ ಮೊದಲು ಮಂಕಾಯಿತು, ಆಮೇಲೆ ಜಾಳಾಯಿತು, ಕಡೆಯ ನಾಲ್ಕು ಎಳೆ ಕೀಳುತ್ತಲೇ ಬೂದು ಉಣ್ಣೆಯ ನಡುವೆ ಕೋಟಿನ ಒಳಪದರ ಬೆಳ್ಳಗೆ ಇಣುಕಿತು. ಸುತ್ತ ಸುಟ್ಟ ಅಂಚು, ಕಡಲೆಕಾಳಿನಷ್ಟು.

ಕನ್ನಡಕದ ಅಧಿಕಾರಿ, "ಅಯ್ಯೋ, ಇದೆಯಲ್ಲ ಸಾರ್!" ಎಂದರು, ಕಳೆದುಹೋದ ಮಗು ಸಿಕ್ಕಿದವರ ಹಾಗೆ.

ಮ್ಯಾನೇಜರು ಕೋಟನ್ನು ಹತ್ತಿರ ಎಳೆದುಕೊಂಡರು. ಬೆರಳನ್ನು ತೂತಿನೊಳಗೆ ಹಾಕಿ ನೋಡಿದರು. "ಇದು... ಇದು ಹೇಗಾಯ್ತು?"

"ಮುಚ್ಚೋದು ಮಾತ್ರ ನನ್ನ ಕೆಲಸ ಸಾರ್" ಎಂದಳು ಸೂಜಕ್ಕ.

ಅವಳು ಯಾರ ಹೆಸರನ್ನೂ ಎತ್ತಲಿಲ್ಲ, ಯಾರ ಕಡೆಯೂ ನೋಡಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಇದ್ದೇ ಇರುತ್ತಾರೆ. ಭಾವ ಎದ್ದು ನಿಂತುಬಿಟ್ಟ.

"ಸಾರ್, ಅವತ್ತು ಕರೆಂಟು ಹೋಗಿತ್ತು ಸಾರ್! ನಿಮಗೆ ಬೇಗ ಬೇಕು ಅಂದಿದ್ರಿ, ಇದ್ದಿಲಿನ ಇಸ್ತ್ರಿ ಹಿಡಿದೆ. ಒಂದು ಕಿಡಿ, ಒಂದೇ ಕಿಡಿ ಹಾರ್ತು. ನಾನು ಅದನ್ನ ಹಾಗೇ ಕೊಟ್ನಾ? ಇವಳನ್ನ ಎರಡು ದಿನ ಕೂರಿಸಿ ಸರಿ ಮಾಡ್ಸಿದೆ. ಇವಳ ಹಾಗೆ ರಫು ಮಾಡೋರು ಈ ಊರಲ್ಲೇ ಇಲ್ಲ ಸಾರ್! ಹತ್ತೊಂಬತ್ತು ವರ್ಷದಿಂದ ನಮ್ಮಲ್ಲಿ ಬಂದ ಎಂಥೆಂಥ ಬಟ್ಟೆನ ಇವಳೇ..."

ಅಲ್ಲಿಗೆ ನಾಲಿಗೆ ಕಚ್ಚಿಕೊಂಡ. ಆದರೆ ಆಡಿದ ಮಾತು ಒಗೆದ ಬಟ್ಟೆಯಲ್ಲ, ಮತ್ತೆ ನೆನೆಹಾಕಲು ಬರುವುದಿಲ್ಲ.

"ಹತ್ತೊಂಬತ್ತು ವರ್ಷ" ಎಂದಳು ಸೂಜಕ್ಕ ಕನ್ನಡಕದವರಿಗೆ. "ಬರ್ಕೊಳ್ಳಿ ಸಾರ್. ಯಜಮಾನರ ಬಾಯಿಂದ್ಲೇ ಬಂದಿದೆ. ಭಾವ, ಅದರ ಕೆಳಗೆ ನೀವೊಂದು ಸಹಿ ಹಾಕಿ. ಸಾಕ್ಷಿ ಅಂತ."

ಅವನು ಹಾಕಿದ. ಮ್ಯಾನೇಜರು ಅವನನ್ನು ನೋಡುತ್ತಿದ್ದ ನೋಟಕ್ಕೆ ಹಾಕದೆ ಬೇರೆ ದಾರಿ ಇರಲಿಲ್ಲ.

ಎಲ್ಲ ಮುಗಿದ ಮೇಲೆ ಮ್ಯಾನೇಜರು ಕೋಟನ್ನು ಅವಳ ಮುಂದೆ ತಳ್ಳಿದರು. "ಸರಿ, ಆಯ್ತಲ್ಲ, ಮುಚ್ಚಿಬಿಡಿ. ನಾಡಿದ್ದು ನನಗೆ ದೊಡ್ಡ ಸಭೆ ಇದೆ."

"ಇಲ್ಲಾಗಲ್ಲ ಸಾರ್. ಬೆಳಕು ಸಾಲ್ದು."

"ಲೈಟ್ ಹಾಕಿಸ್ತೀನಿ."

"ಟ್ಯೂಬ್‌ಲೈಟಲ್ಲಿ ಹತ್ತೊಂಬತ್ತು ವರ್ಷ ಹೊಲಿದಿದ್ದೀನಿ. ಇನ್ನು ಹೊಲಿಯಲ್ಲ. ನನಗೆ ಕಿಟಕಿ ಬೇಕು." ಕಿತ್ತ ಎಳೆಗಳನ್ನೆಲ್ಲ ಒಂದು ಇಸ್ತ್ರಿ ಚೀಟಿಯಲ್ಲಿ ಮಡಿಸಿ ಚೀಲಕ್ಕೆ ಹಾಕಿಕೊಂಡಳು. "ಈ ನೂಲು ನನ್ನ ಹತ್ರ ಜೋಪಾನವಾಗಿರುತ್ತೆ. ಅಂಗಡಿ ತೆಗೆದ ದಿನ ಕೋಟು ತನ್ನಿ. ಮಜೂರಿ ಬೋರ್ಡಿನ ಮೇಲೆ ಬರೆದಿರ್ತೀನಿ."

ಹೊರಗೆ ಮೆಟ್ಟಿಲ ಮೇಲೆ ಭಾವನಿಗೆ ಬಾಯಿ ಬಂತು. "ಮನೆ ಮಾನ ಹರಾಜು ಹಾಕಿದ್ಯಲ್ಲೇ!"

"ತೂತು ಮಾಡಿದ್ದು ನಾನಾ ಭಾವ?"

"ನಾಳೆಯಿಂದ ಹಿಂದಿನ ಕೋಣೆಗೆ ಕಾಲಿಡ್ಬೇಡ!"

"ಇಡ್ಬಾರ್ದು ಅಂತಾನೇ ಅರ್ಜಿ ಹಾಕಿದ್ದು."

ಭಾವ ಗಾಡಿಯ ಬೀಗದ ಕೈ ಕಿತ್ತುಕೊಂಡು ತಾನೇ ಓಡಿಸಿಕೊಂಡು ಹೋದ. ಗಂಡ ಹೆಂಡತಿ ರಸ್ತೆಯಲ್ಲಿ ನಿಂತರು. ಗಂಡ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. "ನಡೀ, ನಡ್ಕೊಂಡೇ ಹೋಗೋಣ" ಎಂದ. ಹತ್ತು ಹೆಜ್ಜೆ ಹೋದ ಮೇಲೆ, "ಬೋರ್ಡು ಬರೆಯೋಕೆ ನನಗೆ ಬರುತ್ತೆ. ಸ್ಕೂಲಲ್ಲಿ ಅಕ್ಷರ ಚೆನ್ನಾಗಿತ್ತು" ಎಂದ. ಸೂಜಕ್ಕ ಅವತ್ತು ಮೊದಲ ಬಾರಿ ನಕ್ಕಳು.

ಸಾಲ ಮಂಜೂರಾಗಲು ಹದಿನೇಳು ದಿನ ಹಿಡಿಯಿತು. ಆ ಹದಿನೇಳು ದಿನವೂ ಮ್ಯಾನೇಜರು ಏಸಿಯ ಕೆಳಗೆ ಬರೀ ಅಂಗಿಯಲ್ಲಿ ನಡುಗುತ್ತಾ ಕೂತಿದ್ದರು ಎಂದು ಗೇಟಿನ ಬಳಿಯ ಅರ್ಜಿಯವನು ಸಿಕ್ಕವರಿಗೆಲ್ಲ ಹೇಳಿದ. ಅಷ್ಟು ಬೇಗ ಯಾವ ಕಡತವೂ ಆ ಬ್ಯಾಂಕಿನಲ್ಲಿ ಓಡಿದ್ದಿಲ್ಲ ಎಂದೂ ಹೇಳಿದ.

ಅಂಗಡಿ ತೆಗೆದ ದಿನ ಬೆಳಗ್ಗೆಯೇ ಮ್ಯಾನೇಜರು ಬಂದರು, ಕೋಟನ್ನು ಕಾಗದದ ಚೀಲದಲ್ಲಿ ಸುತ್ತಿಕೊಂಡು, ಅತ್ತಿತ್ತ ನೋಡುತ್ತಾ. ಮೇಲೆ ಗಂಡ ಬರೆದ ಬೋರ್ಡು, ಅಕ್ಷರ ಸ್ವಲ್ಪ ಎಡಕ್ಕೆ ವಾಲಿದ್ದರೂ ಅವಳ ಪೂರ್ತಿ ಹೆಸರು. ಅವಳು ಕೋಟನ್ನು ಕಿಟಕಿಯ ಬೆಳಕಿಗೆ ಹಿಡಿದಳು, ತೂತನ್ನು ಅಳೆದಳು, ರಸೀದಿ ಬರೆದಳು, ಅರ್ಧ ಮಜೂರಿ ಮುಂಗಡ ಕೇಳಿ ತೆಗೆದುಕೊಂಡಳು. ರಸ್ತೆಯಲ್ಲಿ ಹೋಗುವವರು ಕಿಟಕಿಯಲ್ಲಿ ಇಣುಕಿ ನೋಡುತ್ತಿದ್ದರು. ನೋಡಲಿ ಎಂದು ಪರದೆಯನ್ನೂ ಹಾಕಿರಲಿಲ್ಲ.

"ಮೊದಲಿನ ಹಾಗೇ ಆಗುತ್ತಲ್ವಾ?" ಎಂದರು ಮ್ಯಾನೇಜರು ದನಿ ತಗ್ಗಿಸಿ. "ಯಾರಿಗೂ ಕಾಣ್ಬಾರ್ದು."

"ಕಾಣಲ್ಲ ಸಾರ್. ಆದ್ರೆ ಇದನ್ನ ಯಾರ ಹತ್ರ ಮಾಡಿಸ್ದೆ ಅನ್ನೋದನ್ನ ನೀವು ಹೇಳ್ಬೇಕು."

"ಕಾಣ್ದೇ ಇರೋದನ್ನ ಯಾರು ಕೇಳ್ತಾರಮ್ಮ?"

ಸೂಜಕ್ಕ ನೂಲನ್ನು ಬೆಳಕಿಗೆ ಹಿಡಿದು, ಒಂದೇ ಏಟಿಗೆ ಸೂಜಿಗೆ ಪೋಣಿಸಿದಳು.

"ಯಾರೂ ಕೇಳ್ದಿದ್ರೂ ಹೇಳಿ."